ಥ್ಯಾಚರ್ ಮತ್ತು ಛಪ್ಪರಬಂದ

ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ಕಡಿಮೆ. 1979ರಿಂದ 1990ರವರೆಗೆ ಆಳಿದ ಈ ಮಹಿಳೆಯನ್ನು ಹೊಗಳಿದವರೂ ತೆಗಳಿದವರೂ ಬಹಳ ಮಂದಿ. ಆದರೆ ಆ ಹೆಸರಿನ ಅರ್ಥವೇನೆಂದು ಕೇಳಿದರೆ ಥಟ್ಟನೆ ಹೇಳುವವರು ಸಿಗಲಾರರು. ಥ್ಯಾಚರ್ ಎಂದರೆ ಮನೆಗೆ ಹುಲ್ಲಿನ ಸೂರು ಹೊದಿಸುವವನು. ಆಕೆಯ ತವರಿನ ಹೆಸರು ರಾಬರ್ಟ್ಸ್. ತಂದೆ ಗ್ರಾಂಥಮ್ ಎಂಬ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು. 1951ರಲ್ಲಿ ಡೆನಿಸ್ ಥ್ಯಾಚರ್ ಅವರನ್ನು ಮದುವೆಯಾದ ಮೇಲೆ ಈ ಕಸುಬಿನ ಹೆಸರು ಆಕೆಗೆ ಬಂತು. ಗಂಡನ ಯಾವ ತಲೆಮಾರಿನ ಹಿರಿಯನು ಹುಲ್ಲಿನ ಕಟ್ಟು ಹೊತ್ತು ಏಣಿ ಹತ್ತಿದ್ದನೋ, ಅದನ್ನು ಯಾರೂ ವಿಚಾರಿಸಲಿಲ್ಲ.

ಇದೇ ಅರ್ಥದ ಒಂದು ಅಡ್ಡಹೆಸರು ನಮ್ಮ ನಾಡಿನಲ್ಲೂ ಇದೆ. ಅದು ಛಪ್ಪರಬಂದ. ಬಿಜಾಪುರದ, ಅಂದರೆ ಇಂದಿನ ವಿಜಯಪುರದ ಸೀಮೆಯಲ್ಲಿ ಹೆಚ್ಚಾಗಿ ಕಾಣಸಿಗುವ ಒಂದು ಮುಸ್ಲಿಂ ಸಮುದಾಯದ ಹೆಸರು ಇದು. ಛಪ್ಪರ ಎಂದರೆ ಹುಲ್ಲು, ಸೋಗೆಗಳ ಸೂರು. ಬಂದ ಎಂದರೆ ಕಟ್ಟುವವನು. ಥ್ಯಾಚರ್ ಎಂಬುದನ್ನು ಉರ್ದುವಿಗೆ ಅನುವಾದಿಸಿದರೆ ಛಪ್ಪರಬಂದ ಎಂದೇ ಬರೆಯಬೇಕು. ಕಸುಬು ಒಂದೇ, ಹೆಸರಿನ ಕಟ್ಟೋಣವೂ ಒಂದೇ ಬಗೆಯದು. ಆದರೆ ಒಂದು ಹೆಸರು ಪ್ರಧಾನಿಯ ಮನೆಯ ಬಾಗಿಲಿನವರೆಗೆ ಹೋಯಿತು. ಇನ್ನೊಂದು ಪೊಲೀಸ್ ಠಾಣೆಯ ರಿಜಿಸ್ಟರಿಗೆ ಹೋಯಿತು. ಹೀಗೇಕಾಯಿತು ಎಂಬುದನ್ನು ಈ ಎರಡು ಹೆಸರುಗಳನ್ನು ಜೊತೆಯಲ್ಲಿಟ್ಟು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲು ಇಂಗ್ಲಿಷ್ ಹೆಸರನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ 'ಥ್ಯಾಕ್' ಎಂದರೆ ಸೂರು, ಹೊದಿಕೆ. ಜರ್ಮನ್ ಭಾಷೆಯಲ್ಲಿ ಇಂದಿಗೂ ಸೂರಿಗೆ 'ದಾಖ್' ಎನ್ನುತ್ತಾರೆ. ಇಂಗ್ಲೆಂಡಿನ ಬೇರೆ ಬೇರೆ ಪ್ರಾಂತಗಳ ಉಚ್ಚಾರಕ್ಕೆ ತಕ್ಕಂತೆ ಇದೇ ಕಸುಬಿನಿಂದ ಥ್ಯಾಚರ್, ಥ್ಯಾಕರ್, ಥೀಕರ್, ಥ್ಯಾಕ್ಸ್‌ಟರ್ ಎಂಬ ಅಡ್ಡಹೆಸರುಗಳು ಹುಟ್ಟಿದವು. ಸುಮಾರು 12ರಿಂದ 14ನೆಯ ಶತಮಾನದ ಅವಧಿಯಲ್ಲಿ ಅಲ್ಲಿ ಅಡ್ಡಹೆಸರುಗಳು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿದವು. 1377ರಿಂದ 1381ರ ನಡುವೆ ಮೂರು ಸಲ ತಲೆಗಂದಾಯ ಎತ್ತಿದಾಗ ಲಕ್ಷಾಂತರ ಸಾಮಾನ್ಯರ ಹೆಸರುಗಳು ದಾಖಲೆಗೆ ಬಂದವು. ಹೀಗೆ ಗಟ್ಟಿಯಾದ ಹೆಸರು ಕಸುಬು ಹೋದ ಮೇಲೂ ಉಳಿಯಿತು. 1212ರ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲಿನ ಸೂರನ್ನು ನಿಷೇಧಿಸಿದರು. ಷೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರ 1613ರಲ್ಲಿ ಸುಟ್ಟುಹೋದದ್ದು ಹುಲ್ಲಿನ ಸೂರಿಗೆ ಕಿಡಿ ತಾಗಿ. ಅದನ್ನು ಹೋಲುವ ಹೊಸ ಗ್ಲೋಬ್ 1997ರಲ್ಲಿ ತೆರೆದಾಗ, 1666ರ ಮಹಾ ಅಗ್ನಿದುರಂತದ ಬಳಿಕ ಲಂಡನ್ನಿನಲ್ಲಿ ಹುಲ್ಲು ಹೊದಿಸಲು ಅನುಮತಿ ಪಡೆದ ಮೊದಲ ಕಟ್ಟಡ ಅದೆಂದು ಸುದ್ದಿಯಾಯಿತು. ಅಷ್ಟರೊಳಗೆ ಥ್ಯಾಚರ್ ಎಂಬ ಹೆಸರಿನವರು ವಕೀಲರೂ ವೈದ್ಯರೂ ವ್ಯಾಪಾರಿಗಳೂ ಆಗಿ ಎಷ್ಟೋ ಕಾಲವಾಗಿತ್ತು.

ಈ ಹುಲ್ಲಿನ ಹೆಸರಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ರಾಣಿ ಚೆನ್ನಮ್ಮನ ಪಡೆಯಿಂದ ಹತನಾದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 'ವ್ಯಾನಿಟಿ ಫೇರ್' ಬರೆದ ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪನಾಗಬೇಕು. ಥ್ಯಾಕರೆ ಎಂಬುದು ಯಾರ್ಕ್‌ಷೈರಿನ ಒಂದು ಸ್ಥಳದಿಂದ ಬಂದ ಹೆಸರು. ಸೂರಿಗೆ ಹೊದಿಸುವ ಜೊಂಡುಹುಲ್ಲು ಬೆಳೆಯುವ ಮೂಲೆ ಎಂಬುದು ಅದರ ಅರ್ಥ. ಇನ್ನೂ ಹಿಂದಕ್ಕೆ ಹೋದರೆ ಈ ಥ್ಯಾಚ್, ದಾಖ್ ಶಬ್ದಗಳ ಬೇರು ಸಂಸ್ಕೃತದ 'ಸ್ಥಗ್' ಧಾತುವಿನ ಜೊತೆ ಕೂಡುತ್ತದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸ್ಥಗ್ ಎಂದರೆ ಮುಚ್ಚು, ಹೊದಿಸು. ನಿಂತುಹೋದದ್ದು ಎಂಬ ಅರ್ಥದಲ್ಲಿ ನಾವು ದಿನನಿತ್ಯ ಬಳಸುವ 'ಸ್ಥಗಿತ' ಎಂಬ ಮಾತಿನ ಮೂಲ ಅರ್ಥ ಮುಚ್ಚಲ್ಪಟ್ಟದ್ದು ಎಂದೇ.

ಛಪ್ಪರಬಂದ ಎಂಬ ಹೆಸರಿನ ಎರಡು ತುಂಡುಗಳೂ ಕನ್ನಡಿಗರಿಗೆ ಅಪರಿಚಿತವಲ್ಲ. ಚಪ್ಪರವಿಲ್ಲದೆ ನಮ್ಮ ನಾಡಿನಲ್ಲಿ ಮದುವೆ ನಡೆಯುವುದಿಲ್ಲ. ಮದುವೆಯ ಹಿಂದಿನ ದಿನಕ್ಕೆ ಚಪ್ಪರದ ದಿನವೆಂದೇ ಹೆಸರು. ಹಸಿರು ತೆಂಗಿನ ಗರಿಯ ಚಪ್ಪರ ಕಂಡರೆ ಆ ಮನೆಯಲ್ಲಿ ಶುಭಕಾರ್ಯವೆಂದು ದಾರಿಹೋಕನಿಗೂ ತಿಳಿಯುತ್ತದೆ. ಇನ್ನು 'ಬಂದ' ಎಂಬುದು ಫಾರ್ಸಿಯದು. ಕಟ್ಟು, ಬಿಗಿ ಎಂಬ ಅರ್ಥದ ಇದು ಸಂಸ್ಕೃತದ 'ಬಂಧ'ಕ್ಕೂ ಇಂಗ್ಲಿಷಿನ 'ಬೈಂಡ್'ಗೂ ದಾಯಾದಿ. ಕುದುರೆ ಎತ್ತುಗಳ ಗೊರಸಿಗೆ ಲಾಳ ಕಟ್ಟುವ ನಾಲಬಂದನಲ್ಲೂ ಇದೇ ಬಂದ ಇದೆ. ಫಾರ್ಸಿಯ 'ಗರ್' ಪ್ರತ್ಯಯವಿರುವ ಸಿಕಲಿಗಾರ, ಕಲಾಯಿಗಾರರ ಪಕ್ಕದಲ್ಲಿ ಕನ್ನಡದ ಹೂಗಾರ, ಬಳೆಗಾರರನ್ನು ನಿಲ್ಲಿಸಿ ನೋಡಿ. 'ಮಾಡು' ಎಂಬ ಅರ್ಥದ ಒಂದೇ ಮೂಲದ ಪ್ರತ್ಯಯವು ಎರಡು ದಾರಿಗಳಿಂದ ಬಂದು ಒಂದೇ ಓಣಿಯಲ್ಲಿ ನಿಂತಿರುವುದು ಕಾಣುತ್ತದೆ.

ನಾವು ವಾಸಿಸುವ ಕೆಂಗೇರಿ ಉಪನಗರದಂಥ ಬಡಾವಣೆಗಳಲ್ಲಿ ಗೇಟಿನ ಫಲಕಗಳನ್ನು ಓದುತ್ತಾ ಹೋದರೆ ನಾಡಿನ ಹೆಸರಿಡುವ ಎರಡು ಪದ್ಧತಿಗಳು ಎದುರಾಗುತ್ತವೆ. ಹಳೆಯ ಮೈಸೂರಿನವರದು ಇನಿಷಿಯಲ್‌ಗಳ ಪದ್ಧತಿ. ಊರಿನದೊಂದು, ತಂದೆಯದೊಂದು ಅಕ್ಷರ, ಆಮೇಲೆ ಹೆಸರು. ಇಲ್ಲಿನ ಮುಸ್ಲಿಮರೂ ಬಹುಪಾಲು ಹೀಗೆಯೇ ಬರೆದುಕೊಳ್ಳುತ್ತಾರೆ. ಉತ್ತರ ಕರ್ನಾಟಕದಿಂದ ನೌಕರಿಗೆಂದು ಬಂದವರದು ಅಡ್ಡಹೆಸರಿನ ಪದ್ಧತಿ. ಮೈಸೂರಿನಿಂದ ಬೆಂಗಳೂರು ಹಾದು ವಿಜಯಪುರಕ್ಕೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಕೆಂಗೇರಿಯ ಹಳಿಗಳ ಮೇಲೆಯೇ ಸಾಗುತ್ತದೆ. ಆ ಸೀಮೆಯಿಂದ ಬಂದವರ ಹೆಸರುಗಳಲ್ಲಿ ಬಡಿಗೇರ, ಪತ್ತಾರ, ಗಾಣಿಗೇರ, ಹೂಗಾರ ಇರುವಂತೆಯೇ ಅತ್ತಾರ, ಮನಿಯಾರ, ಬಾಗವಾನ, ತಾಂಬೋಳಿ, ನದಾಫ ಇವೆ. ಮನಿಯಾರನೂ ಬಳಿಗಾರನೂ ಮಾರಿದ್ದು ಒಂದೇ ಬಳೆಯನ್ನು. ಧರ್ಮ ಬೇರೆಯಾದರೂ ಊರಿನ ದುಡಿಮೆಯೊಳಗೆ ಇವರು ನೆರೆಹೊರೆಯಾಗಿದ್ದರೆಂದು ಈ ಹೆಸರುಗಳೇ ಸಾಕ್ಷಿ ಹೇಳುತ್ತವೆ.

ಇಂಗ್ಲಿಷಿನ ಅಡ್ಡಹೆಸರುಗಳಲ್ಲಿ ಇವಕ್ಕೆಲ್ಲ ಜೋಡಿಗಳಿವೆ. ಉತ್ತರ ಧ್ರುವದ ಕಡೆ ಹಡಗು ಒಯ್ದ ಫ್ರೋಬಿಷರ್‌ನ ಹೆಸರಿನ ಅರ್ಥ ಆಯುಧ, ಕವಚಗಳಿಗೆ ಹೊಳಪು ಕೊಡುವವನು, ಅಂದರೆ ನಮ್ಮ ಸಿಕಲಿಗಾರ. ಉಣ್ಣೆಬಟ್ಟೆಯನ್ನು ತುಳಿದು ಹದಗೊಳಿಸುವವನಿಗೆ ಇಂಗ್ಲೆಂಡಿನ ಉತ್ತರದಲ್ಲಿ ವಾಕರ್, ನೈಋತ್ಯದಲ್ಲಿ ಟಕ್ಕರ್, ಆಗ್ನೇಯದಲ್ಲಿ ಫುಲ್ಲರ್ ಎಂಬ ಹೆಸರುಗಳಿದ್ದವು. ಹತ್ತಿ ಹಿಂಜುವವನನ್ನು ನಾವು ಒಂದೆಡೆ ಪಿಂಜಾರ, ಇನ್ನೊಂದೆಡೆ ನದಾಫ, ಮತ್ತೊಂದೆಡೆ ಲದಾಫ, ತೆಲುಗು ಸೀಮೆಯಲ್ಲಿ ದೂದೇಕುಲ ಎನ್ನುವುದೂ ಹೀಗೆಯೇ. ಊರು ಬದಲಾದಂತೆ ಕಸುಬಿನ ಹೆಸರು ಬದಲಾಗುವುದು ಎರಡೂ ದೇಶಗಳಲ್ಲಿ ಸಹಜವಾಗಿ ನಡೆದ ಸಂಗತಿ.

ವ್ಯತ್ಯಾಸ ಇರುವುದು ಈ ಹೆಸರುಗಳನ್ನು ಓದಿದ ರೀತಿಯಲ್ಲಿ. ಇಂಗ್ಲಿಷರು ತಮ್ಮ ಹೆಸರುಗಳಿಗೆ ಬರೆದುಕೊಂಡ ನಿಘಂಟುಗಳನ್ನೂ ನಮ್ಮ ಹೆಸರುಗಳಿಗೆ ಬರೆದ ಗ್ರಂಥಗಳನ್ನೂ ಎದುರುಬದುರು ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಪಿ. ಎಚ್. ರೀನಿ ಅವರ ಬ್ರಿಟಿಷ್ ಅಡ್ಡಹೆಸರುಗಳ ನಿಘಂಟು 1958ರಲ್ಲಿ ಬಂತು. ಇಂಥ ನಿಘಂಟು ಒಂದು ಹೆಸರು ಯಾವ ವರ್ಷದ ಯಾವ ದಾಖಲೆಯಲ್ಲಿ ಮೊದಲು ಸಿಗುತ್ತದೆ, ಅದರ ಮೂಲ ಶಬ್ದ ಯಾವುದು, ಅರ್ಥವೇನು ಎಂದು ಹೇಳಿ ಸುಮ್ಮನಾಗುತ್ತದೆ. ಇಂದಿನ ಥ್ಯಾಚರ್‌ಗಳ ಗುಣನಡತೆಯ ವಿಚಾರ ಅದಕ್ಕೆ ಬೇಕಿಲ್ಲ.

ನಮ್ಮವರ ಮೇಲೆ ಬರೆದ ಗ್ರಂಥಗಳು ಬೇರೆ ಜಾತಿಯವು. ಮುಂಬಯಿ ಪ್ರಾಂತದ ಪೊಲೀಸ್ ಅಧಿಕಾರಿ ಕೆನಡಿ 1908ರಲ್ಲಿ ಪ್ರಕಟಿಸಿದ ಪುಸ್ತಕದ ವಿಷಯವೇ ಆ ಪ್ರಾಂತದ 'ಅಪರಾಧಿ ವರ್ಗಗಳು'. ಛಪ್ಪರಬಂದರಿಗೆ ಅದರಲ್ಲಿ ಸ್ಥಾನ ಸಿಕ್ಕಿತು. ಮರುವರ್ಷ ಮದರಾಸಿನ ಮ್ಯೂಸಿಯಂ ಅಧಿಕಾರಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ. ಅಲ್ಲಿ ಛಪ್ಪರಬಂದರ ಪರಿಚಯ ಸೂರಿನಿಂದ ಶುರುವಾಗುವುದಿಲ್ಲ. ಖೋಟಾ ನಾಣ್ಯ ತಯಾರಿಸುವವರೆಂದೂ ಪೊಲೀಸರು ಕಣ್ಣಿಟ್ಟಿರುವವರೆಂದೂ ಶುರುವಾಗುತ್ತದೆ. ಥ್ಯಾಚರ್‌ನ ಬಗ್ಗೆ ಬರೆಯುವಾಗ ವಾಕ್ಯ ಭೂತಕಾಲದಲ್ಲಿದೆ: ಇವನ ಹಿರಿಯನು ಸೂರು ಹೊದಿಸುತ್ತಿದ್ದನು. ಛಪ್ಪರಬಂದನ ಬಗ್ಗೆ ಬರೆಯುವಾಗ ವಾಕ್ಯ ವರ್ತಮಾನಕ್ಕೆ ಬರುತ್ತದೆ: ಇವನು ಇಂಥದನ್ನು ಮಾಡುತ್ತಾನೆ, ಇವನ ಮಗನೂ ಮಾಡುತ್ತಾನೆ. ಒಂದು ಕಡೆ ಹೆಸರನ್ನು ಚರಿತ್ರೆಯಾಗಿ, ಇನ್ನೊಂದು ಕಡೆ ಸ್ವಭಾವವಾಗಿ ಓದಲಾಯಿತು. ವಸಾಹತುಶಾಹಿ ಪಾಂಡಿತ್ಯದ ದೋಷವನ್ನು ತೋರಿಸಲು ಇದಕ್ಕಿಂತ ಸರಳವಾದ ಉದಾಹರಣೆ ನಮಗೆ ಸಿಕ್ಕಿಲ್ಲ.

ಛಪ್ಪರಬಂದರು ಮೊಗಲ್ ಸೈನ್ಯದ ಜೊತೆ ದಕ್ಷಿಣಕ್ಕೆ ಬಂದವರು, ದಂಡಿನ ಬೀಡುಗಳಲ್ಲಿ ಗುಡಿಸಲು ಕಟ್ಟಿಕೊಡುವುದು ಅವರ ಕೆಲಸವಾಗಿತ್ತು ಎಂಬ ಪ್ರತೀತಿಯಿದೆ. ಔರಂಗಜೇಬನು ಬಿಜಾಪುರವನ್ನು ಗೆದ್ದದ್ದು 1686ರಲ್ಲಿ. ಅಂಥ ದಂಡುಗಳ ಕಾಲ ಮುಗಿದ ಮೇಲೆ ಅವುಗಳನ್ನು ನಂಬಿ ಬದುಕುತ್ತಿದ್ದ ಕಸುಬುಗಳ ಗತಿ ಏನಾಗಬೇಕು? ಭೂಮಿಯಿಲ್ಲದ, ಊರಿನ ಆಯದಲ್ಲಿ ಪಾಲಿಲ್ಲದ ಜನ ಅಲೆಮಾರಿಗಳಾದರು. ಫಕೀರರ ವೇಷದಲ್ಲಿ ದೂರದ ಊರುಗಳಿಗೆ ಹೋದರು. ಅವರಲ್ಲಿ ಕೆಲವರು ಖೋಟಾ ನಾಣ್ಯದ ದಂಧೆಯಲ್ಲಿ ಸಿಕ್ಕಿಬಿದ್ದರೆಂದು ಪೊಲೀಸ್ ಬರಹಗಳು ಹೇಳುತ್ತವೆ. ಇದನ್ನು ಮುಚ್ಚಿಡಬೇಕೆಂದು ನಾವು ಹೇಳುವುದಿಲ್ಲ. ಕೆಲವರ ಅಪರಾಧ ಇಡೀ ಹೆಸರಿನ ಅಪರಾಧವಾದದ್ದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಖೋಟಾ ನಾಣ್ಯ ಮಾಡುವವರಿರಲಿಲ್ಲವೇ? ವಿಜ್ಞಾನಿ ಐಸಾಕ್ ನ್ಯೂಟನ್ 1696ರಲ್ಲಿ ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ ಸೇರಿದ ಮೇಲೆ ಖೋಟಾ ನಾಣ್ಯದವರನ್ನು ಬೆನ್ನಟ್ಟಿ ಹಿಡಿಸಿದ. ಅವರಲ್ಲಿ ಹೆಸರುವಾಸಿಯಾದವನು ವಿಲಿಯಂ ಚಾಲೋನರ್. 1699ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಸ್ವಾರಸ್ಯವೆಂದರೆ ಚಾಲೋನರ್ ಎಂಬುದೂ ಕಸುಬಿನ ಅಡ್ಡಹೆಸರೇ. ಕಂಬಳಿ ನೇಯುವವನು ಅಥವಾ ಮಾರುವವನು ಎಂದು ಅದರ ಅರ್ಥ. ಚಾಲೋನರ್ ನೇಣಿಗೇರಿದನೆಂದು ಇಂಗ್ಲೆಂಡಿನ ಸರ್ಕಾರ ಆ ಹೆಸರಿನವರನ್ನೆಲ್ಲ ಠಾಣೆಗೆ ಕರೆಸಿ ಬೆರಳಚ್ಚು ತೆಗೆದುಕೊಳ್ಳಲಿಲ್ಲ. ಅವನ ಅಪರಾಧ ಅವನೊಂದಿಗೇ ಮುಗಿಯಿತು. ನ್ಯಾಯವೆಂದರೆ ಹೀಗೆಯೇ ಇರಬೇಕು.

ನಮ್ಮಲ್ಲಿ ಅದೇ ಆಡಳಿತ ಬೇರೊಂದು ನ್ಯಾಯ ನಡೆಸಿತು. 1871ರಲ್ಲಿ ಉತ್ತರ ಭಾರತದಲ್ಲಿ ಜಾರಿಯಾದ ಅಪರಾಧಿ ಬುಡಕಟ್ಟುಗಳ ಕಾನೂನು 1911ರಲ್ಲಿ ಬ್ರಿಟಿಷ್ ಇಂಡಿಯಾದ ಉಳಿದ ಕಡೆಗೂ ವಿಸ್ತರಿಸಿತು. 1924ರಲ್ಲಿ ಮತ್ತೆ ಬಿಗಿಯಾಯಿತು. ಸರ್ಕಾರ ಗೆಜೆಟ್ಟಿನಲ್ಲಿ ಒಂದು ಸಮುದಾಯದ ಹೆಸರು ಹಾಕಿದರೆ ಮುಗಿಯಿತು. ಆ ಹೆಸರಿನವರ ರಿಜಿಸ್ಟರ್ ಸಿದ್ಧವಾಗುತ್ತಿತ್ತು. ಬೆರಳಚ್ಚು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡುವುದಾದರೆ ತಿಳಿಸಬೇಕು. ಬೇಕೆನಿಸಿದರೆ ಇಡೀ ಕುಟುಂಬಗಳನ್ನು ಸೆಟ್ಲ್‌ಮೆಂಟಿಗೆ ಒಯ್ಯಬಹುದು, ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಶಾಲೆಗಳಲ್ಲಿ ಇಡಬಹುದು. ಹುಬ್ಬಳ್ಳಿಯಲ್ಲೂ ಗದಗಿನಲ್ಲೂ 'ಸೆಟ್ಲ್‌ಮೆಂಟ್' ಎಂದು ಇಂದಿಗೂ ಕರೆಯುವ ಪ್ರದೇಶಗಳಿವೆ. ಆ ಹೆಸರುಗಳು ಈ ಕಾನೂನಿನ ಉಳಿಕೆಗಳು. ಛಪ್ಪರಬಂದರ ಜೊತೆ ಇನ್ನೂ ಹಲವು ಸಮುದಾಯಗಳು, ಹಿಂದೂಗಳೂ ಮುಸ್ಲಿಮರೂ, ಈ ಪಟ್ಟಿಯಲ್ಲಿದ್ದರು.

ಸ್ವತಂತ್ರ ಭಾರತ 1952ರಲ್ಲಿ ಈ ಕಾನೂನನ್ನು ರದ್ದುಪಡಿಸಿತು. ಪಟ್ಟಿಯಿಂದ ಬಿಡುಗಡೆಯಾದವರಿಗೆ ವಿಮುಕ್ತರೆಂದು ಹೆಸರು ಬಂತು. ನೆರೆಯ ಮಹಾರಾಷ್ಟ್ರದ ಮೀಸಲಾತಿ ಪಟ್ಟಿಯಲ್ಲಿ ಛಪ್ಪರಬಂದರು ವಿಮುಕ್ತ ಜಾತಿಗಳ ಸಾಲಿನಲ್ಲೇ ಇದ್ದಾರೆ. ಆದರೆ ಕಾನೂನು ಹೋದೊಡನೆ ಅನುಮಾನ ಹೋಗಲಿಲ್ಲ. ರೂಢಿಗತ ಅಪರಾಧಿಗಳ ಬಗ್ಗೆ ರಾಜ್ಯಗಳು ಮಾಡಿಕೊಂಡ ಕಾನೂನುಗಳ ಮೂಲಕ ಅದು ಹಿಂಬಾಗಿಲಿನಿಂದ ಬಂತು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿನ ಜಾತಿತಾರತಮ್ಯದ ನಿಯಮಗಳನ್ನು ರದ್ದುಗೊಳಿಸಿದಾಗ, ವಿಮುಕ್ತ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ಕಾಣುವ ನಿಯಮಗಳ ಮೇಲೂ ಆ ತೀರ್ಪು ಬಂತು. ಕಾನೂನು ರದ್ದಾಗಿ 72 ವರ್ಷಗಳಾದ ಮೇಲೂ ಅಂಥ ತೀರ್ಪು ಬೇಕಾಯಿತು ಎಂಬುದನ್ನು ಗಮನಿಸಬೇಕು.

ಇಷ್ಟಕ್ಕೆ ನಿಲ್ಲಿಸಿ ಎಲ್ಲ ತಪ್ಪನ್ನೂ ಬ್ರಿಟಿಷರ ತಲೆಗೆ ಕಟ್ಟಿದರೆ ನಮಗೆ ಹಿತವಾಗಬಹುದು. ಆದರೆ ನಮ್ಮ ಸಮಾಜ ಈ ಹೆಸರುಗಳನ್ನು ನಡೆಸಿಕೊಂಡ ಬಗೆಯನ್ನೂ ಹೇಳಲೇಬೇಕು. ಕಸುಬಿನ ಹೆಸರೆಂದರೆ ನಮ್ಮ ಸ್ಥಿತಿವಂತರಿಗೆ ಸಂಕೋಚ. ಸಂಬಂಧ ಬೆಳೆಸುವಾಗ ಶೇಖ್, ಸೈಯದ್, ಪಠಾಣ್ ಎಂಬ ಹೆಸರುಗಳಿಗೆ ಸಿಗುವ ಮರ್ಯಾದೆ ಪಿಂಜಾರ, ಕಸಾಯಿ, ಛಪ್ಪರಬಂದರಿಗೆ ಸಿಗುವುದಿಲ್ಲ. ನಗರಕ್ಕೆ ಬಂದ ಎಷ್ಟೋ ಕುಟುಂಬಗಳು ಮಕ್ಕಳ ಶಾಲಾ ದಾಖಲಾತಿಯ ಹೊತ್ತಿಗೆ ಅಡ್ಡಹೆಸರನ್ನು ಮೆಲ್ಲಗೆ ಬಿಟ್ಟು ಇನಿಷಿಯಲ್ ಹಾಕಿಸಿಕೊಳ್ಳುತ್ತವೆ. ಬಾಡಿಗೆ ಮನೆ ಹುಡುಕುವಾಗ ಮುಸ್ಲಿಂ ಹೆಸರೇ ಒಂದು ಅಡ್ಡಿಯಾಗಿರುವಲ್ಲಿ ಕಸುಬಿನ ಬಾಲವೂ ಏಕೆಂಬ ಲೆಕ್ಕ ಅವರದು. ಅವರನ್ನು ಹಳಿಯಲಾರೆವು. ಆದರೆ ಉಮರ್ ಖಯ್ಯಾಮನ ಹೆಸರನ್ನು ನಾವು ಎಷ್ಟು ಹೆಮ್ಮೆಯಿಂದ ಹೇಳುತ್ತೇವೆ! ಖಯ್ಯಾಮ್ ಎಂದರೆ ಡೇರೆ ಹೊಲಿಯುವವನು. ಛಪ್ಪರಬಂದನಿಗೆ ಇಷ್ಟು ಹತ್ತಿರದ ಹೆಸರು ಇನ್ನೊಂದಿಲ್ಲ. ಫರೀದುದ್ದೀನ್ ಅತ್ತಾರ್ ಎಂದರೆ ಅತ್ತರು, ಔಷಧಿ ಮಾರುವವನು. ಮನ್ಸೂರ್ ಹಲ್ಲಾಜ್ ಎಂದರೆ ಹತ್ತಿ ಹಿಂಜುವವನು, ಪಿಂಜಾರ. ಪುಸ್ತಕದ ಮುಖಪುಟದ ಮೇಲೆ ನಾವು ಗೌರವಿಸುವ ಹೆಸರನ್ನು ಪಕ್ಕದ ಮನೆಯ ಫಲಕದ ಮೇಲೆ ಗೌರವಿಸದಿದ್ದರೆ ನಮ್ಮ ಓದಿಗೆ ಅರ್ಥವೇನು?

ಹೆಸರು ಬಿಡುವುದರಿಂದ ಆಗುವ ನಷ್ಟ ಬರೀ ಭಾವನೆಯದಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರ ಪಟ್ಟಿಯಲ್ಲಿ ನದಾಫ, ಪಿಂಜಾರ, ಲದಾಫ, ನಾಲಬಂದ, ಸಿಕ್ಕಲಿಗಾರ, ಜೋಹರಿ, ಕಸಾಯಿ, ಫೂಲಮಾಲಿ, ಛಪ್ಪರಬಂದ ಮುಂತಾದ ಮುಸ್ಲಿಂ ಸಮುದಾಯಗಳಿವೆ. ಹೆಚ್ಚು ಕಡಿಮೆ ಎಲ್ಲವೂ ಕಸುಬಿನ ಹೆಸರುಗಳು. 2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ ಮುಸ್ಲಿಮರಿಗಿದ್ದ ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು ರದ್ದುಪಡಿಸಿ ಆದೇಶ ಹೊರಡಿಸಿ, ವಿಷಯ ಸುಪ್ರೀಂ ಕೋರ್ಟು ಮುಟ್ಟಿದಾಗಲೂ ಪ್ರವರ್ಗ 1ರಲ್ಲಿದ್ದ ಈ ಸಮುದಾಯಗಳ ಸ್ಥಾನಕ್ಕೆ ಆ ಆದೇಶ ತಟ್ಟಲಿಲ್ಲ. ಧರ್ಮದ ಹೆಸರಿನ ಪಟ್ಟಿ ಅಲುಗಾಡಿದಾಗ ಕಸುಬಿನ ಹೆಸರಿನ ಪಟ್ಟಿ ನಿಂತಿತು. ಹಿಂದೆ ಠಾಣೆಯಲ್ಲಿ ಹಾಜರಿ ಹಾಕಿಸಿದ ಅದೇ ಹೆಸರು ಇಂದು ತಹಶೀಲ್ದಾರರ ಕಚೇರಿಯಲ್ಲಿ ಮಗನ ಕಾಲೇಜು ಸೀಟಿಗೆ ಆಧಾರವಾಗಬಲ್ಲದು. ಶಾಲೆಯ ದಾಖಲೆಯಿಂದಲೇ ಅದನ್ನು ಅಳಿಸಿದವರು ಮುಂದೆ ತಾವು ಯಾರೆಂದು ಸಾಬೀತು ಮಾಡಲು ಅಲೆದಾಡಬೇಕಾಗುತ್ತದೆ.

ಕಥೆ ಬರೆಯುವ ನಮ್ಮಂಥವರ ಪಾಲೂ ಇಲ್ಲಿದೆ. ಕನ್ನಡದ ಕಥೆಗಳಲ್ಲಿ ಬರುವ ಮುಸ್ಲಿಂ ಪಾತ್ರಕ್ಕೆ ಬಹಳ ಸಲ ಒಂದು ಹೆಸರು, ಅದರ ಹಿಂದೊಂದು 'ಸಾಬ' ಎಂಬ ಬಾಲ ಬಿಟ್ಟರೆ ಬೇರೆ ಗುರುತಿರುವುದಿಲ್ಲ. ಅವನಿಗೆ ಕಸುಬಿದ್ದರೆ ಮಾಂಸದ ಅಂಗಡಿ, ಇಲ್ಲವೆ ಪಂಕ್ಚರ್ ಅಂಗಡಿ. ಲಾಳ ಕಟ್ಟಿದವನು, ಹತ್ತಿ ಹಿಂಜಿದವನು, ಸೂರು ಹೊದಿಸಿದವನು ಅಪರೂಪ. ಮುಸ್ಲಿಮರನ್ನು ಒಂದೇ ಮುದ್ದೆಯಾಗಿ ಕಾಣುವ ಹೊರಗಿನವರ ಕಣ್ಣಿಗೆ ನಮ್ಮ ಬರಹವೇ ಹೀಗೆ ನೆರವಾಗುತ್ತದೆ. ಮರಾಠಿಯಲ್ಲಿ ಲಕ್ಷ್ಮಣ ಗಾಯಕವಾಡರು 'ಉಚಲ್ಯಾ' ಬರೆದು, ಅಪರಾಧಿ ಎಂಬ ಮುದ್ರೆ ಹೊತ್ತ ಸಮುದಾಯದ ಬದುಕನ್ನು ಒಳಗಿನಿಂದ ಹೇಳಿದರು. ಆ ಕೃತಿಗೆ 1988ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಛಪ್ಪರಬಂದರ ಮನೆಗಳಿಂದ ಕನ್ನಡಕ್ಕೂ ಅಂಥ ಬರಹ ಬರಬೇಕು. ಅವರ ಬಗ್ಗೆ ಪೊಲೀಸರು ಬರೆದದ್ದು ಸಾಕಷ್ಟಿದೆ.

ಹೆಸರಿನ ಅರ್ಥ ತಿಳಿಯುವುದರಿಂದ ಹಸಿವು ಹೋಗುವುದಿಲ್ಲ, ನೌಕರಿ ಸಿಗುವುದಿಲ್ಲ ಎಂದು ಕೆಲವರು ಹೇಳಬಹುದು. ನಿಜ. ಆದರೆ ಅರ್ಥ ತಪ್ಪಿದ ಹೆಸರಿನಿಂದ ಒಂದು ಸಮುದಾಯ ಎಷ್ಟು ಕಳೆದುಕೊಂಡಿತೆಂಬುದನ್ನು ಮೇಲೆ ನೋಡಿದೆವು. ಥ್ಯಾಚರ್ ಎಂಬ ಹೆಸರಿಗೆ ದೊರೆತ ನ್ಯಾಯವನ್ನೇ ನಾವು ಛಪ್ಪರಬಂದನಿಗೂ ಕೇಳುತ್ತಿದ್ದೇವೆ. ಅವನ ಹಿರಿಯರು ಪರರ ತಲೆಯ ಮೇಲೆ ಸೂರು ಕಟ್ಟಿದರು, ಹೆಸರಿನಲ್ಲಿರುವುದು ಇಷ್ಟೇ. ಇಂದಿನ ಛಪ್ಪರಬಂದ ಮೇಷ್ಟರಾಗಿರಲಿ, ಗಾರೆ ಕೆಲಸದವನಾಗಿರಲಿ, ಅವನ ನಡತೆಯನ್ನು ಅವನಿಂದಲೇ ತಿಳಿಯಬೇಕು. ಕೆಂಗೇರಿಯ ಯಾವುದಾದರೂ ಗೇಟಿನ ಮೇಲೆ ಆ ಅಡ್ಡಹೆಸರನ್ನು ಮನೆಯವರು ಧೈರ್ಯವಾಗಿ ಬರೆಸುವಂತಾಗಬೇಕು. ಅದನ್ನು ಓದಿದ ನೆರೆಯವನಿಗೆ ಮದುವೆಯ ಚಪ್ಪರ ನೆನಪಾಗಬೇಕು.